‘ಕೇರ್‌ಫುಲಿ ಆ್ಯಂಡ್ ವಿದೌಟ್ ಡಿಲೇ’ ಅಂತ ಬರೆದರೆ ತಪ್ಪಾ?

ಬೇರೆಯವರ ಇಂಗ್ಲಿಷ್ ತಿದ್ದಿಕೊಡುವುದು ನನ್ನ ಕೆಲಸ. ಆಫೀಸಿನ ಪತ್ರ, ಟೆಂಡರ್ ಕಾಗದ, ವಿದೇಶದ ಕಾಲೇಜಿಗೆ ಹಾಕುವ ಅರ್ಜಿ, ಎಲ್ಲವೂ ಬರುತ್ತವೆ. ಜೊತೆಗೆ ಪ್ರಶ್ನೆಗಳೂ ಬರುತ್ತವೆ. ಅವುಗಳಲ್ಲಿ ಒಂದು ಮಾತ್ರ ತಪ್ಪಿಸಿಕೊಂಡದ್ದೇ ಇಲ್ಲ. “ಸರ್, ‘ಕೇರ್‌ಫುಲಿ ಆ್ಯಂಡ್ ವಿದೌಟ್ ಡಿಲೇ’ ಅಂತ ಬರೆದಿದ್ದೀನಿ. ಒಂದು ಕಡೆ ಅಡ್ವರ್ಬ್, ಇನ್ನೊಂದು ಕಡೆ ಪ್ರಿಪೊಸಿಷನ್ ಇರೋ ಫ್ರೇಸ್. ನಡುವೆ ‘ಆ್ಯಂಡ್’ ಹಾಕಬಹುದಾ? ಫಾರ್ಮಲ್ ಇಂಗ್ಲಿಷಲ್ಲಿ ನಡೆಯುತ್ತಾ?”

ನಡೆಯುತ್ತದೆ. ಧಾರಾಳವಾಗಿ ನಡೆಯುತ್ತದೆ. ಆದರೆ ಎಲ್ಲ ಕಡೆ ನಡೆಯುವುದಿಲ್ಲ. ಎಲ್ಲಿ ಯಾಕೆ ನಡೆಯುವುದಿಲ್ಲ ಅನ್ನುವುದೇ ಸ್ವಾರಸ್ಯದ ವಿಷಯ. ಉದಾಹರಣೆಗಳನ್ನು ಕನ್ನಡ ಅಕ್ಷರದಲ್ಲೇ ಕೊಡುತ್ತಿದ್ದೇನೆ. ಸ್ವಲ್ಪ ಗಟ್ಟಿಯಾಗಿ ಓದಿಕೊಳ್ಳಿ, ಅರ್ಧ ಉತ್ತರ ಕಿವಿಯೇ ಕೊಡುತ್ತದೆ.

ಈ ಅನುಮಾನ ಹುಟ್ಟುವುದು ಪ್ಯಾರಲೆಲಿಸಂ, ಅಂದರೆ ಜೋಡಿಸುವ ಭಾಗಗಳ ರೂಪ ಒಂದೇ ಥರ ಇರಬೇಕು ಅನ್ನುವ ಪಾಠದಿಂದ. ‘ಶಿ ಲೈಕ್ಸ್ ರೀಡಿಂಗ್, ರೈಟಿಂಗ್ ಆ್ಯಂಡ್ ಟು ಸ್ವಿಮ್’ ತಪ್ಪು, ಕೊನೆಯದು ‘ಸ್ವಿಮ್ಮಿಂಗ್’ ಆಗಬೇಕು ಅಂತ ಕೋಚಿಂಗ್ ಕ್ಲಾಸಿನಲ್ಲಿ ಹೇಳಿಕೊಟ್ಟಿರುತ್ತಾರೆ. ಆ ವಾಕ್ಯದ ಮಟ್ಟಿಗೆ ಅದು ಸರಿಯಾದ ಬುದ್ಧಿಮಾತೇ. ಆದರೆ ಅದನ್ನು ಕೇಳಿದವರು ‘ಆ್ಯಂಡ್’ನ ಎರಡೂ ಪಕ್ಕದಲ್ಲಿ ಒಂದೇ ಜಾತಿಯ ಪದ ಇರಲೇಬೇಕು ಅಂತ ತಿಳಿದುಬಿಡುತ್ತಾರೆ. ಇಂಗ್ಲಿಷಿನಲ್ಲಿ ಅಂಥ ನಿಯಮ ಇಲ್ಲ.

ಸುಮ್ನೆ ನನ್ನ ಮಾತು ನಂಬಬೇಡಿ. ನಮ್ಮ ಸಂವಿಧಾನದ ಮೂರನೇ ಅನುಸೂಚಿಯನ್ನು ತೆಗೆಯಿರಿ. ಮಂತ್ರಿಗಳು, ಸಂಸದರು, ನ್ಯಾಯಾಧೀಶರು ತೆಗೆದುಕೊಳ್ಳುವ ಪ್ರಮಾಣವಚನಗಳು ಅಲ್ಲಿವೆ. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳ ವಚನದಲ್ಲಿ ಈ ಸಾಲು ಬರುತ್ತದೆ: ‘ಐ ವಿಲ್ ಡ್ಯೂಲಿ ಆ್ಯಂಡ್ ಫೇತ್‌ಫುಲಿ ಆ್ಯಂಡ್ ಟು ದ ಬೆಸ್ಟ್ ಆಫ್ ಮೈ ಎಬಿಲಿಟಿ, ನಾಲೆಜ್ ಆ್ಯಂಡ್ ಜಡ್ಜ್‌ಮೆಂಟ್ ಪರ್ಫಾರ್ಮ್ ದ ಡ್ಯೂಟೀಸ್ ಆಫ್ ಮೈ ಆಫೀಸ್ ವಿದೌಟ್ ಫಿಯರ್ ಆರ್ ಫೇವರ್, ಅಫೆಕ್ಷನ್ ಆರ್ ಇಲ್-ವಿಲ್.’

ಇದಕ್ಕಿಂತ ಫಾರ್ಮಲ್ ಇಂಗ್ಲಿಷ್ ಬೇಕಾ?

ಬಿಡಿಸಿ ನೋಡೋಣ. ಕ್ರಿಯಾಪದ ‘ಪರ್ಫಾರ್ಮ್’. ಹೇಗೆ ಪರ್ಫಾರ್ಮ್ ಮಾಡುತ್ತೀರಿ ಅಂತ ಕೇಳಿ. ‘ಡ್ಯೂಲಿ’ ಒಂದು ಉತ್ತರ. ‘ಫೇತ್‌ಫುಲಿ’ ಇನ್ನೊಂದು. ‘ಟು ದ ಬೆಸ್ಟ್ ಆಫ್ ಮೈ ಎಬಿಲಿಟಿ, ನಾಲೆಜ್ ಆ್ಯಂಡ್ ಜಡ್ಜ್‌ಮೆಂಟ್’ ಮೂರನೆಯದು. ಮೊದಲಿನ ಎರಡು ಒಂದೊಂದೇ ಪದದ ಅಡ್ವರ್ಬ್‌ಗಳು, ಮೂರನೆಯದು ಉದ್ದದ ಪ್ರಿಪೊಸಿಷನ್ ಫ್ರೇಸ್. ರೂಪ ಬೇರೆ, ಆದರೆ ಮೂರೂ ಉತ್ತರಿಸುವುದು ಒಂದೇ ‘ಹೇಗೆ’ಗೆ. ಹಾಗಾಗಿ ‘ಆ್ಯಂಡ್’ ಅವುಗಳನ್ನು ನಿಶ್ಚಿಂತೆಯಿಂದ ಕಟ್ಟಿದೆ. ಇನ್ನು ‘ವಿದೌಟ್ ಫಿಯರ್ ಆರ್ ಫೇವರ್’ ನೋಡಿ. ಅದೂ ‘ಹೇಗೆ’ಗೇ ಉತ್ತರ. ಆದರೂ ಅದನ್ನು ಈ ಸಾಲಿಗೆ ಸೇರಿಸದೆ, ಯಾವ ‘ಆ್ಯಂಡ್’ ಕೂಡ ಇಲ್ಲದೆ ಕೊನೆಯಲ್ಲಿ ಬಿಟ್ಟಿದ್ದಾರೆ. ಅಂದರೆ ಕಟ್ಟಬಹುದು, ಕಟ್ಟಲೇಬೇಕು ಅಂತಿಲ್ಲ.

ಇದೇ ಸಂವಿಧಾನದ 60ನೇ ವಿಧಿಯಲ್ಲಿ ರಾಷ್ಟ್ರಪತಿಗಳ ವಚನ ಇದೆ. ಅಲ್ಲೂ ‘ಫೇತ್‌ಫುಲಿ’ ಇದೆ, ‘ಟು ದ ಬೆಸ್ಟ್ ಆಫ್ ಮೈ ಎಬಿಲಿಟಿ’ ಇದೆ. ಆದರೆ ಒಟ್ಟಿಗೆ ಇಲ್ಲ. ‘ಫೇತ್‌ಫುಲಿ’ ಹೋಗಿ ‘ಎಕ್ಸಿಕ್ಯೂಟ್’ ಪಕ್ಕ ಕೂತಿದೆ, ‘ಟು ದ ಬೆಸ್ಟ್ ಆಫ್ ಮೈ ಎಬಿಲಿಟಿ’ ಹೋಗಿ ‘ಪ್ರಿಸರ್ವ್, ಪ್ರೊಟೆಕ್ಟ್ ಆ್ಯಂಡ್ ಡಿಫೆಂಡ್’ ಪಕ್ಕ ಕೂತಿದೆ. ಎರಡು ಬೇರೆ ಕೆಲಸ, ಒಂದೊಂದಕ್ಕೂ ಅದರದ್ದೇ ವಿವರಣೆ. ನ್ಯಾಯಮೂರ್ತಿಗಳ ವಚನದಲ್ಲಿ ಕೆಲಸ ಒಂದೇ, ಹಾಗಾಗಿ ವಿವರಣೆಗಳೆಲ್ಲ ಒಂದೇ ಕಡೆ ಸೇರಿವೆ. ಈ ಎರಡು ಸಾಲನ್ನು ಅಕ್ಕಪಕ್ಕ ಇಟ್ಟು ಓದಿದರೆ ವ್ಯಾಕರಣದ ಪುಸ್ತಕದ ಒಂದು ಅಧ್ಯಾಯ ಓದುವ ಶ್ರಮ ಉಳಿಯುತ್ತದೆ.

ಹಳೇ ಕಾಲದ ಇಂಗ್ಲಿಷ್ ಅಂತ ಮೂಗು ಮುರಿಯುವವರಿಗೆ ಹೊಸದೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಅಪರಾಧ ಪ್ರಕರಣಗಳ ತನಿಖೆ-ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು, ಅದರ 173ನೇ ಸೆಕ್ಷನ್ ನೋಡಿ. ಪೊಲೀಸ್ ಠಾಣೆಗೆ ಮಾಹಿತಿ ಕೊಡುವ ಬಗ್ಗೆ ಹೇಳುತ್ತಾ ‘ಮೇ ಬಿ ಗಿವನ್ ಓರಲಿ ಆರ್ ಬೈ ಎಲೆಕ್ಟ್ರಾನಿಕ್ ಕಮ್ಯುನಿಕೇಶನ್’ ಅನ್ನುತ್ತದೆ. ಅಡ್ವರ್ಬ್, ‘ಆರ್’, ಪ್ರಿಪೊಸಿಷನ್ ಫ್ರೇಸ್. ಬಾಯಲ್ಲಿ ಹೇಳಿದರೆ ಠಾಣಾಧಿಕಾರಿ ಬರೆದುಕೊಳ್ಳಬೇಕು. ಎಲೆಕ್ಟ್ರಾನಿಕ್ ಆಗಿ ಕಳಿಸಿದರೆ ಕೊಟ್ಟವರು 3 ದಿನದೊಳಗೆ ಸಹಿ ಹಾಕಬೇಕು. ಎರಡು ದಾರಿ, ಎರಡಕ್ಕೂ ಬೇರೆ ವಿಧಾನ. ರೂಪ ಒಂದೇ ಥರ ಇಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಅರ್ಥ ಕೆಡುವುದಿಲ್ಲ.

2002ರಲ್ಲಿ ಬಂದ ಕೇಂಬ್ರಿಡ್ಜ್ ಗ್ರಾಮರ್ ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲಮ್ ಬರೆದ ದಪ್ಪ ಪುಸ್ತಕ ಅದು. ಜೋಡಿಸುವ ಭಾಗಗಳ ಜಾತಿಗಿಂತ ವಾಕ್ಯದಲ್ಲಿ ಅವು ಮಾಡುವ ಕೆಲಸ ಹೊಂದಬೇಕು ಅನ್ನುವುದು ಅವರ ನಿಲುವು.

ಈಗ ನಡೆಯದ ಜಾಗಕ್ಕೆ ಬರೋಣ. ‘ದ ಟೀಮ್ ವರ್ಕ್ಡ್ ಕ್ವಿಕ್ಲಿ ಆ್ಯಂಡ್ ಇನ್ ಹುಬ್ಬಳ್ಳಿ.’ ಏನೋ ಎಡವಟ್ಟು ಅನ್ನಿಸಿತು ಅಲ್ವಾ? ‘ಕ್ವಿಕ್ಲಿ’ ಹೇಗೆ ಅಂತ ಹೇಳುತ್ತದೆ, ‘ಇನ್ ಹುಬ್ಬಳ್ಳಿ’ ಎಲ್ಲಿ ಅಂತ ಹೇಳುತ್ತದೆ. ಕನ್ನಡದಲ್ಲೂ ‘ಬೇಗ ಬೇಗ ಮತ್ತು ಹುಬ್ಬಳ್ಳಿಯಲ್ಲಿ ಕೆಲಸ ಮಾಡಿದರು’ ಅಂದರೆ ಜನ ನಗುತ್ತಾರೆ. ಮದುವೆ ಊಟದಲ್ಲಿ ಪಾಯಸವನ್ನೂ ಉಪ್ಪಿನಕಾಯಿಯನ್ನೂ ಒಂದೇ ಸೌಟಿನಲ್ಲಿ ಬಡಿಸಿದ ಹಾಗೆ. ಎರಡೂ ಎಲೆಯ ಮೇಲೆ ಇರಬೇಕಾದವೇ, ಬಡಿಸುವ ರೀತಿ ಅದಲ್ಲ. ‘ಆ್ಯಂಡ್’ ಕಿತ್ತುಹಾಕಿ ‘ವರ್ಕ್ಡ್ ಕ್ವಿಕ್ಲಿ ಇನ್ ಹುಬ್ಬಳ್ಳಿ’ ಅನ್ನಿ, ಮುಗಿಯಿತು.

ಇಷ್ಟು ಎದ್ದು ಕಾಣುವ ತಪ್ಪನ್ನು ಯಾರೂ ಮಾಡುವುದಿಲ್ಲ. ನನ್ನ ಮೇಜಿಗೆ ಬರುವುದು ಸೂಕ್ಷ್ಮವಾದವು. ‘ದ ಎಂಪ್ಲಾಯಿ ಆನ್ಸರ್ಡ್ ಪೊಲೈಟ್ಲಿ ಆ್ಯಂಡ್ ವಿದ್ ಹಿಸ್ ಲಾಯರ್.’ ಇಲ್ಲಿ ‘ವಿದ್’ ಮೋಸ ಮಾಡುತ್ತದೆ. ‘ವಿದ್ ಕೇರ್’ ಅಂದಾಗ ಅದು ಹೇಗೆ ಅಂತ ಹೇಳುತ್ತದೆ. ‘ವಿದ್ ಹಿಸ್ ಲಾಯರ್’ ಅಂದಾಗ ಯಾರ ಜೊತೆ ಅಂತ ಹೇಳುತ್ತದೆ. ಪ್ರಿಪೊಸಿಷನ್ ಒಂದೇ, ಕೆಲಸ ಬೇರೆ. ವಕೀಲರನ್ನು ಬೇರೆ ಕಡೆ ಕೂರಿಸಬೇಕು: ‘ಆನ್ಸರ್ಡ್ ಪೊಲೈಟ್ಲಿ, ವಿದ್ ಹಿಸ್ ಲಾಯರ್ ಪ್ರೆಸೆಂಟ್.’ ಯಂತ್ರಗಳ ಕೈಪಿಡಿಯಲ್ಲಿ ಬರುವ ‘ಕ್ಲೀನ್ ದ ಬ್ಲೇಡ್ ಜೆಂಟ್ಲಿ ಆ್ಯಂಡ್ ಆಫ್ಟರ್ ಯೂಸ್’ ಕೂಡ ಇದೇ ಜಾತಿಯದು. ಒಂದು ಹೇಗೆ, ಇನ್ನೊಂದು ಯಾವಾಗ.

ಒಂದು ಕಿಂಡಿ ಮಾತ್ರ ಇದೆ. ‘ಹಿ ಅಪಾಲಜೈಸ್ಡ್, ಆ್ಯಂಡ್ ಇನ್ ಪಬ್ಲಿಕ್.’ ಕ್ಷಮೆ ಕೇಳಿದ, ಅದೂ ಎಲ್ಲರ ಎದುರಿಗೆ. ಇಲ್ಲಿ ‘ಆ್ಯಂಡ್’ಗೆ ‘ಅದೂ’ ಅನ್ನುವ ಒತ್ತು ಇದೆ, ಮುಂದೆ ಕಾಮಾ ಇದೆ. ಹೀಗೆ ಒತ್ತಿ ಹೇಳುವಾಗ ಹೇಗೆ-ಎಲ್ಲಿ ಲೆಕ್ಕ ಸಡಿಲವಾಗುತ್ತದೆ. ಲೇಖನದಲ್ಲಿ ಚೆಂದ, ಟೆಂಡರ್ ಕಾಗದದಲ್ಲಿ ಬೇಡ.

‘ಸರಿ ಸರ್, ವ್ಯಾಕರಣ ಒಪ್ಪುತ್ತದೆ. ಆದರೂ ಎರಡನ್ನೂ ಅಡ್ವರ್ಬ್ ಮಾಡಿದರೆ ಚೆನ್ನಲ್ವಾ?’ ಅಂತ ಮುಂದಿನ ಪ್ರಶ್ನೆ. ಕೆಲವು ಸಲ ಹೌದು. ‘ಕ್ವಿಕ್ಲಿ ಆ್ಯಂಡ್ ವಿದ್ ಕೇರ್’ಗಿಂತ ‘ಕ್ವಿಕ್ಲಿ ಆ್ಯಂಡ್ ಕೇರ್‌ಫುಲಿ’ ಹಗುರ. ಅಲ್ಲಿ ಫ್ರೇಸ್‌ನಿಂದ ಲಾಭ ಏನೂ ಇಲ್ಲ. ಆದರೆ ‘ಪ್ರಾಂಪ್ಟ್ಲಿ ಆ್ಯಂಡ್ ಇನ್ ಗುಡ್ ಫೇತ್’ ತೆಗೆದುಕೊಳ್ಳಿ. ‘ಇನ್ ಗುಡ್ ಫೇತ್’ಗೆ ಒಂದೇ ಪದದ ಅಡ್ವರ್ಬ್ ಎಲ್ಲಿಂದ ತರುತ್ತೀರಿ? ‘ಆನೆಸ್ಟ್ಲಿ’ ಅಂದರೆ ಕಾನೂನಿನ ತೂಕ ಹೋಯಿತು. ‘ಫ್ರೆಂಡ್ಲಿ’ ಇನ್ನೊಂದು ತಾಪತ್ರಯ. ಬಾಲದಲ್ಲಿ ‘ಲಿ’ ಇದೆ, ಆದರೆ ಅದು ಅಡ್ಜೆಕ್ಟಿವ್. ‘ಸ್ಪೋಕ್ ಪೊಲೈಟ್ಲಿ ಆ್ಯಂಡ್ ಫ್ರೆಂಡ್ಲಿ’ ಅಂತ ಬರೆದವರಿಗೆ ಸಮಾನ ರೂಪ ಸಿಕ್ಕಿದಂತೆ ಕಾಣುತ್ತದೆ, ನಿಜವಾಗಿ ತಪ್ಪಾಗಿರುತ್ತದೆ. ‘ಪೊಲೈಟ್ಲಿ ಆ್ಯಂಡ್ ಇನ್ ಎ ಫ್ರೆಂಡ್ಲಿ ವೇ’ ಅನ್ನುವ ಅಸಮಾನ ರೂಪವೇ ಇಲ್ಲಿ ಸರಿ. ಹಾಗೇ ‘ವಿದ್ ಡ್ಯೂ ರಿಗಾರ್ಡ್ ಟು ದ ಸೇಫ್ಟಿ ಆಫ್ ಪ್ಯಾಸೆಂಜರ್ಸ್’ ಅನ್ನುವುದನ್ನು ಒಂದು ಪದಕ್ಕೆ ಇಳಿಸಲು ಹೋದರೆ ಪ್ರಯಾಣಿಕರೇ ವಾಕ್ಯದಿಂದ ಇಳಿದುಹೋಗುತ್ತಾರೆ.

ಯಾವುದು ಮೊದಲು ಬರಬೇಕು? ಚಿಕ್ಕದು ಮೊದಲು, ದೊಡ್ಡದು ಆಮೇಲೆ. ಜರ್ಮನಿಯ ಭಾಷಾ ವಿದ್ವಾಂಸ ಆಟೋ ಬೆಹಾಗೆಲ್ 1909ರಲ್ಲೇ ಇದನ್ನು ಗಮನಿಸಿ, ಬೆಳೆಯುವ ಭಾಗಗಳ ನಿಯಮ ಅಂತ ಹೆಸರಿಟ್ಟ. ಮತ್ತೆ ನ್ಯಾಯಮೂರ್ತಿಗಳ ವಚನ ಓದಿ: ‘ಡ್ಯೂಲಿ’ ಚಿಕ್ಕದು, ‘ಫೇತ್‌ಫುಲಿ’ ಸ್ವಲ್ಪ ದೊಡ್ಡದು, ‘ಟು ದ ಬೆಸ್ಟ್ ಆಫ್’ ಎಲ್ಲಕ್ಕಿಂತ ಉದ್ದ. ತಿರುಗಿಸಿ ಉದ್ದದ್ದನ್ನು ಮೊದಲು ಇಟ್ಟರೆ ‘ಆ್ಯಂಡ್ ಡ್ಯೂಲಿ’ ಬರುವ ಹೊತ್ತಿಗೆ ಓದುವವರಿಗೆ ಉಸಿರು ಸಿಕ್ಕಿಕೊಳ್ಳುತ್ತದೆ. ಇದು ವ್ಯಾಕರಣದ ತಪ್ಪಲ್ಲ, ಓಟದ ತೊಡಕು. ನಾನು ಇದನ್ನು ಕೇಳದೇ ತಿದ್ದಿಬಿಡುತ್ತೇನೆ.

ಪ್ರಿಪೊಸಿಷನ್ ಹಂಚಿಕೊಳ್ಳುವ ವಿಷಯದಲ್ಲಿ ಮಾತ್ರ ನಾನು ಬಿಗಿ. ‘ಬೈ ಪೋಸ್ಟ್ ಆರ್ ಇಮೇಲ್’ ಸರಿ, ಯಾಕೆಂದರೆ ‘ಬೈ’ ಎರಡಕ್ಕೂ ಹೊಂದುತ್ತದೆ. ‘ಬೈ ಪೋಸ್ಟ್ ಆರ್ ಪರ್ಸನ್’ ಅಂತ ಎಷ್ಟೋ ನೋಟಿಸ್‌ಗಳಲ್ಲಿ ನೋಡಿದ್ದೇನೆ. ಖುದ್ದಾಗಿ ಅನ್ನಲು ಬೇಕಾದದ್ದು ‘ಇನ್ ಪರ್ಸನ್’, ಹಾಗಾಗಿ ‘ಬೈ ಪೋಸ್ಟ್ ಆರ್ ಇನ್ ಪರ್ಸನ್’ ಅಂತ ಪೂರ್ತಿ ಬರೆಯಬೇಕು. ಮಾಹಿತಿ ಹಕ್ಕು ಕಾಯ್ದೆ 2005ರ 6ನೇ ಸೆಕ್ಷನ್ ಇದಕ್ಕೆ ಒಳ್ಳೆಯ ಮಾದರಿ. ಅರ್ಜಿಯನ್ನು ‘ಇನ್ ರೈಟಿಂಗ್ ಆರ್ ಥ್ರೂ ಎಲೆಕ್ಟ್ರಾನಿಕ್ ಮೀನ್ಸ್’ ಕೊಡಬೇಕು ಅನ್ನುತ್ತದೆ, ಒಂದೊಂದಕ್ಕೂ ಅದರದ್ದೇ ಪ್ರಿಪೊಸಿಷನ್. ಭಾಷೆಯ ವಿಷಯ ಬಂದಾಗ ‘ಇನ್ ಇಂಗ್ಲಿಷ್ ಆರ್ ಹಿಂದಿ ಆರ್ ಇನ್ ದ ಅಫೀಶಿಯಲ್ ಲ್ಯಾಂಗ್ವೇಜ್ ಆಫ್ ದ ಏರಿಯಾ’ ಅನ್ನುತ್ತದೆ. ಇಂಗ್ಲಿಷ್-ಹಿಂದಿಗೆ ಸೇರಿ ಒಂದೇ ‘ಇನ್’, ಉದ್ದದ ಮೂರನೆಯದಕ್ಕೆ ಮತ್ತೊಂದು. ಆ ಮೂರನೆಯದರಲ್ಲೇ ನಮ್ಮ ಕನ್ನಡ ಕೂತಿರುವುದರಿಂದ ಅದಕ್ಕೆ ಪ್ರತ್ಯೇಕ ‘ಇನ್’ ಸಿಕ್ಕಿದ್ದು ನನಗಂತೂ ಖುಷಿ.

‘ಐದರ್’ ಹಾಕುವಾಗಲೂ ಸ್ವಲ್ಪ ನೋಡಿಕೊಳ್ಳಿ. ‘ಯು ಮೇ ಐದರ್ ಅಪ್ಲೈ ಆನ್‌ಲೈನ್ ಆರ್ ಇನ್ ಪರ್ಸನ್’ ಅಂತ ಬರೆದರೆ ‘ಐದರ್’ ಕ್ರಿಯಾಪದದ ಮುಂದೆ ಹೋಗಿ ಕೂತಿತು. ಆರಿಸಬೇಕಾದದ್ದು ‘ಆನ್‌ಲೈನ್’ ಮತ್ತು ‘ಇನ್ ಪರ್ಸನ್’ ನಡುವೆ. ‘ಅಪ್ಲೈ ಐದರ್ ಆನ್‌ಲೈನ್ ಆರ್ ಇನ್ ಪರ್ಸನ್’ ಅಂದರೆ ಸರಿಹೋಗುತ್ತದೆ. ಇಲ್ಲೂ ಒಂದು ಅಡ್ವರ್ಬ್, ಒಂದು ಫ್ರೇಸ್, ಗಮನಿಸಿ. ಯಾರ ತಕರಾರೂ ಇಲ್ಲ.

ಅಫಿಡವಿಟ್ ಬರೆಯುವವರಿಗೆ ಒಂದು ಕಿವಿಮಾತು. ‘ವಾಲಂಟರಿಲಿ ಆ್ಯಂಡ್ ಆಫ್ ಮೈ ಓನ್ ಫ್ರೀ ವಿಲ್’ ವ್ಯಾಕರಣದಲ್ಲಿ ಪಕ್ಕಾ. ಆದರೆ ಎರಡೂ ಹೇಳುವುದು ಒಂದನ್ನೇ. ವಕೀಲರು ಬಿಡುವುದಿಲ್ಲ, ನೀವೂ ಅವರ ಜೊತೆ ಜಗಳ ಆಡಬೇಡಿ. ನಿಮ್ಮ ಸ್ವಂತ ಪತ್ರದಲ್ಲಿ ಮಾತ್ರ ಒಂದನ್ನು ಹೊಡೆದುಹಾಕಿ.

ಇನ್ನು ಕಂಪ್ಯೂಟರಿನ ಗ್ರಾಮರ್ ತಂತ್ರಾಂಶ ಕೆಳಗೆ ಗೆರೆ ಎಳೆಯುತ್ತದೆ ಅನ್ನುವವರು. ಒಂದು ಭಾಗ ತೆಗೆದು ಓದಿ, ಆಮೇಲೆ ಇನ್ನೊಂದು ತೆಗೆದು ಓದಿ. ಎರಡು ಸಲವೂ ವಾಕ್ಯ ನಿಂತು, ಎರಡು ಸಲವೂ ಒಂದೇ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಆ ಗೆರೆಯನ್ನು ಅದರ ಪಾಡಿಗೆ ಬಿಡಿ. ಬ್ಯಾಂಕ್ ಪರೀಕ್ಷೆಗೆ ಕೂತವರಿಗೆ ಮಾತ್ರ ಬೇರೆ ಸಲಹೆ. ಅಲ್ಲಿ ಪ್ರಶ್ನೆ ತೆಗೆದವರ ಮನಸ್ಸಿನಲ್ಲಿ ಪ್ಯಾರಲೆಲಿಸಂ ಇರುತ್ತದೆ, ನಿಮ್ಮ ವಾದ ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಆಯ್ಕೆಗಳಲ್ಲಿ ‘ಕ್ವಿಕ್ಲಿ ಆ್ಯಂಡ್ ಕೇರ್‌ಫುಲಿ’ ಕಂಡರೆ ಅದಕ್ಕೇ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗಿ.