ಈ ಚಿತ್ರದಲ್ಲಿ ಯುದ್ಧ ಎಲ್ಲಿದೆ?

ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ 1871ರ ಸುಮಾರಿಗೆ ಬರೆದ ಥೇಮ್ಸ್ ನದಿಯ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಮಾತೆತ್ತಿದರೆ ಸಾಕು, ಕೇಳುತ್ತಾರೆ: “ಅಲ್ಲಾ, ಆಗ ಅವನ ದೇಶದಲ್ಲಿ ಯುದ್ಧ ನಡೀತಿತ್ತಲ್ಲ, ಇದರಲ್ಲಿ ಯುದ್ಧ ಎಲ್ಲಿದೆ?”

ಇಲ್ಲ. ಎಲ್ಲೂ ಇಲ್ಲ. ಹುಡುಕಬೇಡಿ.

ಫ್ರಾನ್ಸ್–ಪ್ರಷ್ಯಾ ಯುದ್ಧ ಶುರುವಾದದ್ದು 1870ರ ಜುಲೈನಲ್ಲಿ. ಮೊನೆ ಸೈನ್ಯ ಸೇರದೆ ಲಂಡನ್ನಿಗೆ ಹೋದ. ಅವನ ಚಿತ್ರಕಾರ ಗೆಳೆಯ ಬಾಜಿಲ್ ಸೇರಿದ, ನವೆಂಬರ್ 28ರಂದು ಬೋನ್-ಲಾ-ರೋಲಾಂದ್‌ನಲ್ಲಿ ಸತ್ತ. ಲಂಡನ್ನಿಗೆ ಬಂದ ಇನ್ನೊಬ್ಬ ಚಿತ್ರಕಾರ ಪಿಸಾರೊ ಫ್ರಾನ್ಸಿನಲ್ಲಿ ಬಿಟ್ಟುಬಂದ ಮನೆಯನ್ನು ಪ್ರಷ್ಯದ ಸೈನಿಕರು ಹಿಡಿದರು. ಅಲ್ಲಿದ್ದ ಚಿತ್ರಗಳಲ್ಲಿ ಬಹುಪಾಲು ಹಾಳಾದವು. ಇಷ್ಟು ಹೇಳಿದರೆ ಮುಗಿಯಿತು, ಚಿತ್ರದಲ್ಲಿನ ಮಂಜೆಲ್ಲ ಫಿರಂಗಿ ಹೊಗೆಯಾಗಿಬಿಡುತ್ತದೆ! ಸ್ವಾಮಿ, ಅದು ಲಂಡನ್ನಿನ ಒಲೆ, ಕಾರ್ಖಾನೆಗಳ ಕಲ್ಲಿದ್ದಲು ಹೊಗೆ ಬೆರೆತ ಮಂಜು. “ಹಾಗಾದರೆ ಹೇಡಿ ಅನ್ನಿ” ಎನ್ನುವವರಿದ್ದಾರೆ. ಅನ್ನಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಆ ಮೊಕದ್ದಮೆಗೆ ಈ ಚಿತ್ರವನ್ನು ಸಾಕ್ಷಿಗೆ ಎಳೆಯಬೇಡಿ.

ಬರೀ 47 ಸೆಂ.ಮೀ. ಎತ್ತರ, 73 ಸೆಂ.ಮೀ. ಅಗಲದ ಕ್ಯಾನ್ವಾಸಿನೊಳಗೆ ಅಷ್ಟು ದೂರ ಹೇಗೆ ಹಿಡಿಸಿತು ಅಂತ ಯಾರಾದರೂ ಕೇಳಬಾರದೇ?

ಬಲಗಡೆ, ಮುಂದೆ, ಮರದ ಜೆಟ್ಟಿಯಿದೆ (ನೀರಿನೊಳಗೆ ಚಾಚಿದ ದೋಣಿಕಟ್ಟೆ), ಮೇಲೆ ಕೆಲಸಗಾರರು. ಇಡೀ ಚಿತ್ರದಲ್ಲಿ ಅತಿ ಗಾಢವಾದ ಜಾಗ ಅದೇ. ನದಿಯಲ್ಲಿನ ಟಗ್‌ಗಳು, ಅಂದರೆ ಹಡಗು ಎಳೆಯುವ ದೋಣಿಗಳು, ಅದಕ್ಕಿಂತ ಒಂದು ಮೆಟ್ಟಿಲು ತಿಳಿ. ಪಾರ್ಲಿಮೆಂಟ್ ಗೋಪುರಗಳು ಇನ್ನೂ ತಿಳಿ, ವೆಸ್ಟ್‌ಮಿನ್‌ಸ್ಟರ್ ಸೇತುವೆಯಂತೂ ಆಕಾಶಕ್ಕೆ ಅಂಟಿಕೊಂಡ ಹಾಗಿದೆ. ಈಗ ಹೆಬ್ಬೆರಳಿನಿಂದ ಜೆಟ್ಟಿಯನ್ನು ಮುಚ್ಚಿ ನೋಡಿ. ಮಂಜು ಬರೀ ಬೂದು ಬಣ್ಣವಾಗುತ್ತದೆ, ಗೋಪುರಗಳು ಹಿಂದಕ್ಕೆ ಸರಿಯುವುದನ್ನು ನಿಲ್ಲಿಸುತ್ತವೆ. ಗಾಢವಾದದ್ದು ಮುಂದೆ ನಿಂತಿದ್ದಕ್ಕೇ ತಿಳಿಯಾದದ್ದು ದೂರ ಹೋಗಿದ್ದು. ಇದನ್ನು ನಕಲು ಮಾಡುವ ವಿದ್ಯಾರ್ಥಿಗಳು ಎಡವುವುದೂ ಇಲ್ಲೇ: ಆಸೆಪಟ್ಟು ಪಾರ್ಲಿಮೆಂಟಿಗೆ ಕಿಟಕಿ ಬರೆಯುತ್ತಾರೆ, ಅಂಚು ಚೂಪು ಮಾಡುತ್ತಾರೆ, ಕಟ್ಟಡ ನದಿ ದಾಟಿ ಮುಂದೆ ಬಂದು ಕೂರುತ್ತದೆ.

ನೀರಿನಲ್ಲಿ ಕುಂಚದ ಗೆರೆಗಳು ಅಡ್ಡಡ್ಡ, ತುಂಡುತುಂಡು. ಕಣ್ಣು ಅರ್ಧ ಮುಚ್ಚಿ ನೋಡಿದರೆ ಗೆರೆ ಕರಗಿ ಬೆಳಕಷ್ಟೇ ಉಳಿಯುತ್ತದೆ.

“ಹಳೇ ಲಂಡನ್ ಎಷ್ಟು ಚೆನ್ನ” ಎನ್ನುವವರಿಗೂ ಒಂದು ಮಾತು. ಚಿತ್ರದ ಬಲಗಡೆಯ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್, ಅಂದರೆ ನದಿಯಂಚಿನ ಕಟ್ಟೆ, ತೆರೆದದ್ದು 1870ರಲ್ಲಿ, ಸೇತುವೆ 1862ರದು, ಎಡಗಡೆ ಮಸುಕಾಗಿ ಕಾಣುವ ಸೇಂಟ್ ಥಾಮಸ್ ಆಸ್ಪತ್ರೆ 1871ರದು. ಸಿಮೆಂಟಿನ ವಾಸನೆ ಆರದ ಊರು ಅದು.

ಇನ್ನು, ನೇರಳೆ–ಕಿತ್ತಳೆ ಬಣ್ಣದಲ್ಲಿ ಪಾರ್ಲಿಮೆಂಟ್ ಉರಿಯುವಂತೆ ಕಾಣುವ ಚಿತ್ರಗಳು ಇದಲ್ಲ. ಅವು ಮೊನೆ ಸುಮಾರು ಮೂವತ್ತು ವರ್ಷದ ಮೇಲೆ ಮತ್ತೆ ಲಂಡನ್ನಿಗೆ ಬಂದು ಶುರು ಮಾಡಿದವು. ಅವನ್ನು ನೋಡಿ ಬಂದು ಇದನ್ನು ಮಂಕು ಎನ್ನುವವರು ಮೊದಲು ಫೋನಿನ ಬಣ್ಣ ಹೆಚ್ಚಿಸುವ ಸೆಟ್ಟಿಂಗ್ ಆಫ್ ಮಾಡಲಿ. ಅದು ಬೂದು ಬಣ್ಣವನ್ನೆಲ್ಲ ನೀಲಿ ಮಾಡುತ್ತದೆ, ಆಮೇಲೆ ಜೆಟ್ಟಿಗೂ ಸೇತುವೆಗೂ ನಡುವಿನ ಮೆಟ್ಟಿಲುಗಳು ಎಣಿಕೆಗೆ ಸಿಗುವುದಿಲ್ಲ.