40 ತೆಂಗಿನಕಾಯಿ, 150 ಅಕ್ಷರ

ಹೋದ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ಕಾಲೇಜಿನ ಸೆಕೆಂಡ್ ಪಿಯು ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದಳು. "ಸರ್, ಅಮೆರಿಕದ ಯೂನಿವರ್ಸಿಟಿಗಳಿಗೆ ಅಪ್ಲಿಕೇಶನ್ ಹಾಕ್ತಿದೀನಿ. ನೀವೊಂದು ಲೆಟರ್ ಬರೆದುಕೊಡಬೇಕು" ಅಂದಳು. ತಿಪಟೂರು ಕಡೆಯ ರೈತರ ಮನೆಯ ಹುಡುಗಿ, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಫಿಸಿಕ್ಸ್ ಪಾಠ ನಾನೇ ಮಾಡುವುದು. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು, ಅದರ ತುಂಬ ಸರ್ಟಿಫಿಕೇಟು.

ನನಗೆ ಒಳಗೊಳಗೇ ಭಯವಾಯಿತು. ಆರು ವರ್ಷದ ಹಿಂದೆ ಒಬ್ಬ ಹುಡುಗ ಇದೇ ಕೇಳಿಕೊಂಡು ಬಂದಿದ್ದ. ಅವನಿಗೆ ನಾನು ಐದು ಸಾಲು ಬರೆದುಕೊಟ್ಟಿದ್ದೆ. ಶ್ರಮಜೀವಿ, ವಿಧೇಯ, ಒಳ್ಳೆಯ ನಡತೆ, ಶುಭ ಹಾರೈಸುತ್ತೇನೆ. ಸ್ಕಾಲರ್‌ಶಿಪ್ ಫಾರಂಗೂ ಅದೇ, ಹಾಸ್ಟೆಲ್ ಫಾರಂಗೂ ಅದೇ ಐದು ಸಾಲು. ಅವನಿಗೆ ಎಲ್ಲೂ ಸಿಗಲಿಲ್ಲ. ನನ್ನ ಪತ್ರದಿಂದಲೇ ಹಾಗಾಯಿತು ಅನ್ನುವ ಹಾಗಿಲ್ಲ. ಆದರೆ ಅದನ್ನು ಓದಿದವರಿಗೆ ಆ ಹುಡುಗ ಯಾರು ಅಂತ ಒಂದು ಚೂರೂ ತಿಳಿದಿರಲಾರದು. ಲ್ಯಾಬಿನಲ್ಲಿ ಕೆಟ್ಟುಹೋದ ಗ್ಯಾಲ್ವನೋಮೀಟರ್‌ಗಳನ್ನು ಅವನು ತಾನಾಗಿಯೇ ಕೂತು ಸರಿಮಾಡಿದ್ದ. ಅದನ್ನು ನಾನು ಬರೆಯಲೇ ಇಲ್ಲ. ಆ ನೋವು ಇನ್ನೂ ಹೋಗಿಲ್ಲ.

ಸಿಇಟಿ, ಜೆಇಇಗೆ ಓದಿಸುವ ನಮಗೆ ಇದು ಬೇರೆಯೇ ಲೋಕ. ಇಲ್ಲಿ ರ‍್ಯಾಂಕ್ ಬಂದರೆ ಮುಗಿಯಿತು. ಅಲ್ಲಿ ಒಂದು ಫೈಲನ್ನು ಒಬ್ಬರು ಕೂತು ಓದುತ್ತಾರೆ. ಹಾರ್ವರ್ಡ್‌ನಂಥ ಕಡೆ 100 ಅರ್ಜಿಗೆ ಹೆಚ್ಚೂಕಮ್ಮಿ 4 ಒಪ್ಪಿಗೆ. ಅರ್ಜಿ ಹಾಕುವ ಬಹಳಷ್ಟು ಮಕ್ಕಳ ಅಂಕವೂ ಚೆನ್ನಾಗಿಯೇ ಇರುತ್ತದೆ. ಇವಳದೂ ಹಾಗೇ. ಬೆಂಗಳೂರಿಗೆ ಹೋಗಿ, ಚಿಕ್ಕಪ್ಪನ ಲ್ಯಾಪ್‌ಟಾಪಿನಲ್ಲಿ ಅಲ್ಲಿನ ಕಾಲೇಜುಗಳು ನೋಡುವ ಎಸ್‌ಎಟಿ ಪರೀಕ್ಷೆ ಎರಡು ಸಲ ಬರೆದು, 1600ಕ್ಕೆ 1500 ದಾಟಿದ್ದಳು. ಅದು ಬಾಗಿಲು ತಟ್ಟುವುದಕ್ಕೆ ಸಾಕು, ಅಷ್ಟೆ.

ಫೈಲು ಬಿಡಿಸಿ ನೋಡಿದೆ. ಆನ್‌ಲೈನ್ ಕೋರ್ಸ್‌ಗಳ ಹದಿನಾಲ್ಕು ಸರ್ಟಿಫಿಕೇಟು. ಎರಡು ತಿಂಗಳ ಹಿಂದೆ ಶುರುಮಾಡಿದ ಒಂದು ಸಂಸ್ಥೆ, ಅದಕ್ಕೆ ಇವಳೇ ಸ್ಥಾಪಕಿ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ದುಡ್ಡು ತಗೊಂಡು ಹಾಗೆ ಮಾಡು ಅಂದಿದ್ದರಂತೆ. ಹದಿನೇಳು ವರ್ಷದ ಮಗುವಿಗೆ ಇಲ್ಲದ್ದನ್ನು ಕಟ್ಟಿಕೊಂಡು ನಿಂತ್ಕೋ ಅಂತ ಹೇಳಿಕೊಡುವುದು ನನಗೆ ತುಂಬ ಸಿಟ್ಟು ತರಿಸುತ್ತದೆ.

"ಇದೆಲ್ಲ ಇರಲಿ ಕಣಮ್ಮ. ಕಾಲೇಜು ಬಿಟ್ಟ ಮೇಲೆ ಮನೇಲಿ ಏನ್ಮಾಡ್ತೀಯ?" ಅಂದೆ.

"ಏನಿಲ್ಲ ಸರ್. ಅಪ್ಪನ ಜೊತೆ ಸುಮ್ನೆ ಕೊಬ್ಬರಿ ಕೆಲಸ."

ಬಿಡಿಸಿ ಕೇಳಿದಾಗ ಗೊತ್ತಾಯಿತು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಮೊದಮೊದಲು ಅಲ್ಲಾಡಿಸಿದರೆ ನೀರು ಗುಳುಗುಳು ಅನ್ನುತ್ತದೆ. ನೀರು ಇಂಗಿ, ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಾಗ ಒಳಗೆ ಉಂಡೆ ಲೊಡಲೊಡ ಅನ್ನುತ್ತದೆ. ಅವರಪ್ಪ ಕಿವಿ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿ, ಆಗಿದೆ, ಇನ್ನೂ ಆಗಿಲ್ಲ, ಇದು ಕೆಟ್ಟಿದೆ ಅಂತ ಹೇಳಿಬಿಡುತ್ತಾರೆ. ಆ ಸದ್ದನ್ನು ಅಳೆಯಬಹುದಾ ಅಂತ ಈ ಹುಡುಗಿಗೆ ಅನ್ನಿಸಿದೆ. 40 ಕಾಯಿಗೆ ಪೇಂಟಿನಲ್ಲಿ ನಂಬರ್ ಹಾಕಿದ್ದಾಳೆ. ಒಂಬತ್ತು ತಿಂಗಳು ಪ್ರತಿ ಭಾನುವಾರ ಅಟ್ಟ ಹತ್ತಿ ಒಂದೊಂದನ್ನೂ ತೂಗಿ, ಅಲ್ಲಾಡಿಸಿ, ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿದ್ದಾಳೆ. ಮಾರನೆಯ ದಿನ ನೋಟ್‌ಬುಕ್ ತಂದು ತೋರಿಸಿದಳು. 200 ಪುಟದ ಉದ್ದ ಪುಸ್ತಕ, ಅಂಚಿಗೆಲ್ಲ ಅಟ್ಟದ ಮಸಿ. 23ನೇ ನಂಬರಿನ ಮುಂದೆ ಒಂದು ವಾರ ತೂಕ ಬರೆದಿರಲಿಲ್ಲ, "ಇಲಿ" ಅಂತ ಮಾತ್ರ ಇತ್ತು.

"ಇದನ್ಯಾಕೆ ಹಾಕಿಲ್ಲ?"

"ಇದಕ್ಕೆ ಸರ್ಟಿಫಿಕೇಟ್ ಇಲ್ವಲ್ಲ ಸರ್."

ಒಂದೇ ಅರ್ಜಿ ತುಂಬಿ ಹಲವು ಯೂನಿವರ್ಸಿಟಿಗಳಿಗೆ ಕಳಿಸುವ ಕಾಮನ್ ಆ್ಯಪ್ ಅನ್ನುವ ವೆಬ್‌ಸೈಟಿನಲ್ಲಿ ಚಟುವಟಿಕೆ ಅಂತ ಒಂದು ಭಾಗ ಇದೆ. ಹತ್ತರವರೆಗೆ ಹಾಕಬಹುದು. ಒಂದೊಂದರ ವಿವರಣೆಗೆ 150 ಅಕ್ಷರ, ಖಾಲಿ ಜಾಗವೂ ಸೇರಿ. ಅಲ್ಲಿ ಮನೆಯ ಜವಾಬ್ದಾರಿ ಅನ್ನುವುದಕ್ಕೇ ಒಂದು ವಿಭಾಗ ಇದೆ. ತಮ್ಮನನ್ನು ನೋಡಿಕೊಂಡದ್ದು, ಅಂಗಡಿಯಲ್ಲಿ ಕೂತದ್ದು ಎಲ್ಲವೂ ಸಲ್ಲುತ್ತದೆ. ನಮ್ಮ ಮಕ್ಕಳು ಅದನ್ನೇ ಮುಚ್ಚಿಡುತ್ತಾರೆ.

ನಾಲ್ಕು ಸಂಜೆ ಕೂತೆವು. ಅವಳು ಮೊದಲು ಬರೆದದ್ದು: ತಂದೆಯ ವ್ಯವಹಾರಕ್ಕೆ ಆಸಕ್ತಿಯಿಂದ ನೆರವಾಗುತ್ತೇನೆ, ಕೃಷಿಯಲ್ಲಿ ತಂತ್ರಜ್ಞಾನದ ಮಹತ್ವ ಅರಿತಿದ್ದೇನೆ. ಒಂದೊಂದೇ ಪದ ತೆಗೆಯುತ್ತ ಹೋದೆವು. ಆಸಕ್ತಿ ಹೋಯಿತು, ಮಹತ್ವ ಹೋಯಿತು. ಕೊನೆಗೆ ಉಳಿದದ್ದು 40 ಕಾಯಿ, 9 ತಿಂಗಳು, ವಾರವಾರ ತೂಕ ಮತ್ತು ಸದ್ದು, ಅಪ್ಪನ ಕಿವಿಯ ಜೊತೆ ಹೋಲಿಕೆ. ಇಂಗ್ಲಿಷ್‌ನಲ್ಲಿ 150ರೊಳಗೆ ಕೂತಿತು. ಕೋರ್ಸ್‌ಗಳಲ್ಲಿ ಅವಳಿಗೆ ನಿಜವಾಗಿ ಉಪಯೋಗವಾದ ಒಂದನ್ನು ಇಟ್ಟುಕೊಂಡು ಉಳಿದದ್ದು ಬಿಟ್ಟೆವು. ಸ್ಥಾಪಕಿಯನ್ನೂ ಬಿಟ್ಟೆವು. ಹತ್ತು ಜಾಗದಲ್ಲಿ ಆರು ಮಾತ್ರ ತುಂಬಿತು. ಅವಳಿಗೆ ಅಳು ಬರುವ ಹಾಗಾಗಿತ್ತು. ಅಮೆರಿಕದ ಎಂಐಟಿ ಅನ್ನುವ ಯೂನಿವರ್ಸಿಟಿಗೆ ಬೇರೆಯೇ ಅರ್ಜಿ, ಅಲ್ಲಿ ಮುಖ್ಯವಾದ ನಾಲ್ಕನ್ನು ಮಾತ್ರ ಹೇಳು ಅಂತಾರೆ. ಅದನ್ನು ತೋರಿಸಿದ ಮೇಲೆ ಸ್ವಲ್ಪ ಧೈರ್ಯ ಬಂತು.

ಅರ್ಜಿಯ ಜೊತೆ ತನ್ನ ಬಗ್ಗೆ ಒಂದು ಪ್ರಬಂಧವನ್ನೂ ಬರೆಯಬೇಕು, ಅದಕ್ಕೆ ಹೆಚ್ಚೆಂದರೆ 650 ಪದ. ಮೊದಲ ಕರಡು "ಚಿಕ್ಕಂದಿನಿಂದಲೂ ವಿಜ್ಞಾನಿಯಾಗುವ ಕನಸು" ಅಂತ ಶುರುವಾಗಿತ್ತು. ನಾನು ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದೆ. ಅಲ್ಲಿ ಲೆಕ್ಕ ಇತ್ತು. ಕಾಯಿ ಒಡೆದು ನೋಡಿದಾಗ ಅಪ್ಪ ಹೇಳಿದ್ದು 40ರಲ್ಲಿ 36 ಸರಿ. ಇವಳ ಗ್ರಾಫು ಹೇಳಿದ್ದು 29. ಅದು ಸೋಲು ಅಂದುಕೊಂಡು ಬಚ್ಚಿಟ್ಟಿದ್ದಳು. ಇದರ ಬಗ್ಗೆಯೇ ಬರಿ ಅಂದೆ. ಅಪ್ಪನ ಕಿವಿಗೆ ಗೊತ್ತಿದ್ದು ನನ್ನ ಫೋನಿಗೆ ಯಾಕೆ ಗೊತ್ತಾಗಲಿಲ್ಲ ಅಂತ ಅವಳು ಬರೆದ ಪ್ಯಾರಾ ನನಗೆ ಈಗಲೂ ನೆನಪಿದೆ. ಅಪ್ಪ ಸದ್ದನ್ನಷ್ಟೇ ಕೇಳುತ್ತಿರಲಿಲ್ಲ, ಕೈಗೆ ಬಡಿಯುವ ಪೆಟ್ಟನ್ನೂ ನೋಡುತ್ತಿದ್ದರು ಅಂತ ಅವಳೇ ಕಂಡುಕೊಂಡಿದ್ದಳು. ಆ ಇಂಗ್ಲಿಷನ್ನು ನಾನು ತಿದ್ದಲಿಲ್ಲ. ಕಾಗುಣಿತ ಮಾತ್ರ ನೋಡಿದೆ.

ಇನ್ನು ನಮ್ಮ ಕಡೆಯ ಕೆಲಸ. ಇದನ್ನು ಮೇಷ್ಟ್ರುಗಳು ಓದಲಿ ಅಂತಲೇ ಬರೆಯುತ್ತಿದ್ದೇನೆ. ಅರ್ಜಿಯ ಒಂದು ದೊಡ್ಡ ಪಾಲು ಮಕ್ಕಳ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ಒಂಬತ್ತರಿಂದ ಹನ್ನೆರಡರವರೆಗಿನ ಅಂಕಪಟ್ಟಿ ಕೇಳುತ್ತಾರೆ. ನಮ್ಮಲ್ಲಿ ಹೈಸ್ಕೂಲೇ ಬೇರೆ, ಪಿಯು ಕಾಲೇಜೇ ಬೇರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಎಲ್ಲರ ಹತ್ತಿರವೂ ಇರುತ್ತದೆ, ಒಂಬತ್ತನೇ ಕ್ಲಾಸಿಂದು ಯಾರು ಇಟ್ಟಿರುತ್ತಾರೆ ಹೇಳಿ? ಅವಳ ಹಳೇ ಸ್ಕೂಲಿಗೆ ಮೂರು ಸಲ ಓಡಾಡಿ, ಬೀರುವಿನಿಂದ ರಿಜಿಸ್ಟರ್ ತೆಗೆಸಿ, ಸೀಲು ಹಾಕಿಸಿಕೊಂಡು ಬಂದದ್ದಾಯಿತು.

ಕಾಲೇಜಿನ ಪರಿಚಯ ಅಂತ ಒಂದು ಪುಟವೂ ಹೋಗಬೇಕು. ನಾವು ಯಾವತ್ತೂ ಮಾಡಿರಲಿಲ್ಲ. ಪ್ರಿನ್ಸಿಪಾಲರ ಜೊತೆ ಕೂತು ಬರೆದೆವು. ಎಷ್ಟು ಮಕ್ಕಳು, ಯಾವ ವಿಷಯ ಇದೆ, ಅಮೆರಿಕದ ಹೈಸ್ಕೂಲುಗಳಲ್ಲಿ ಕಾಲೇಜು ಮಟ್ಟದ ಪಾಠ ಕಲಿಸುವ ಎಪಿ ಥರದ ಕೋರ್ಸ್ ನಮ್ಮಲ್ಲಿ ಇಲ್ಲ, ಪಿಯು ಬೋರ್ಡ್ ಅಂದರೇನು, ಕನ್ನಡ ಮೀಡಿಯಮ್ಮಿನಿಂದ ಎಷ್ಟು ಮಕ್ಕಳು ಬರುತ್ತಾರೆ. ಮಗು ಓದಿದ ಜಾಗದಲ್ಲಿ ಏನೇನು ಸಿಗುತ್ತಿತ್ತು ಅನ್ನುವುದನ್ನು ಇಟ್ಟುಕೊಂಡೇ ಅವರು ಅಳೆಯುತ್ತಾರೆ. ನಾವು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಎಂಐಟಿಯವರು ಎರಡು ಪತ್ರ ಕೇಳುತ್ತಾರೆ, ಒಂದು ಗಣಿತ ಅಥವಾ ವಿಜ್ಞಾನದವರದು, ಇನ್ನೊಂದು ಭಾಷೆ, ಸಮಾಜ ಮುಂತಾದ ವಿಷಯದವರದು. ಎರಡನೆಯದನ್ನು ನಮ್ಮ ಕನ್ನಡ ಮೇಷ್ಟ್ರು ಕೊಟ್ಟರು. ಅವರು ಕನ್ನಡದಲ್ಲಿ ಹೇಳುತ್ತ ಹೋದರು, ಇಂಗ್ಲಿಷ್ ಮೇಡಂ ಪಕ್ಕದಲ್ಲೇ ಕೂತು ಇಂಗ್ಲಿಷಿಗೆ ತಂದರು. ನನ್ನ ಪತ್ರದಲ್ಲಿ ನಾನು ಈ ಸಲ ವಿಧೇಯ ಅನ್ನುವ ಪದ ಬಳಸಲಿಲ್ಲ. 23ನೇ ಕಾಯಿಯ ಇಲಿಯಿಂದ ಶುರುಮಾಡಿದೆ. ಒಂದು ವಾರದ ತೂಕ ತಪ್ಪಿದರೆ ಅಂದಾಜಿಗೆ ಒಂದು ಅಂಕಿ ತುಂಬದೆ ಖಾಲಿ ಬಿಟ್ಟ ಹುಡುಗಿ ಇವಳು ಅಂತ ಬರೆದೆ.

ದುಡ್ಡಿನ ಮಾತೂ ಇದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಕೆಲವು ಕಡೆ ಮಾತ್ರ ಹೊರದೇಶದ ಮಕ್ಕಳಿಗೂ, ಫೀಸು ಕಟ್ಟಲು ಆಗುತ್ತದೋ ಇಲ್ಲವೋ ಅಂತ ನೋಡದೆ ಸೀಟು ತೀರ್ಮಾನ ಮಾಡುತ್ತಾರೆ. ಉಳಿದ ಬಹಳ ಕಡೆ ಅದನ್ನೂ ನೋಡುತ್ತಾರೆ. ಸಹಾಯ ಬೇಕು ಅಂದರೆ ಮನೆಯ ಆದಾಯದ ವಿವರ ಕೊಡಬೇಕು. ಅವರಪ್ಪನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ತಹಸೀಲ್ದಾರರ ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕು, ಕೊಬ್ಬರಿ ಮಾರಿದ ರಸೀದಿ ಎಲ್ಲ ಜೋಡಿಸಿದೆವು. ಅವರು ನಮ್ಮ ಸ್ಟಾಫ್ ರೂಮಿನ ಬೆಂಚಿನ ಮೇಲೆ ಕೂತು, "ಮೇಷ್ಟ್ರೇ, ನಮ್ಮ ಅಟ್ಟದ ವಿಷ್ಯ ಅವರಿಗೇನು ಉಪ್ಯೋಗ?" ಅಂತ ಕೇಳಿದರು. ಮಗಳ ಪ್ರಬಂಧವನ್ನು ಕನ್ನಡದಲ್ಲಿ ಓದಿ ಹೇಳಿದೆ. 36 ಅನ್ನುವ ಅಂಕಿ ಬಂದಾಗ ತಲೆ ತಗ್ಗಿಸಿ ಟವಲ್ಲಿನಲ್ಲಿ ಮುಖ ಒರೆಸಿಕೊಂಡರು.

ಎಂಟು ಕಡೆ ಹಾಕಿದ್ದಳು. ಆರು ಕಡೆ ಇಲ್ಲ ಅಂತ ಬಂತು, ಎಂಐಟಿಯೂ ಅದರಲ್ಲೇ. ಒಂದು ಕಡೆ ವೇಟಿಂಗ್ ಲಿಸ್ಟು. ಒಂದು ಕಡೆ ಪೂರ್ತಿ ಸಹಾಯದ ಜೊತೆ ಸೀಟು. ಆಗಸ್ಟ್‌ನಲ್ಲಿ ಹೋದಳು.

ಈ ಸಲ ಇಬ್ಬರು ಬಂದಿದ್ದಾರೆ, ಅದೂ ಫಸ್ಟ್ ಪಿಯುನಲ್ಲೇ. ಒಬ್ಬ ಹುಡುಗ ತನ್ನ ಊರಿನ ಬೋರ್‌ವೆಲ್‌ಗಳ ಆಳ ಬರೆದುಕೊಳ್ಳುತ್ತಿದ್ದಾನೆ. ಅವನಿಗೆ ಸದ್ಯಕ್ಕೆ ಎರಡೇ ಕೆಲಸ ಹೇಳಿದ್ದೇನೆ. ಬರೆಯುವುದನ್ನು ಒಂದು ವಾರವೂ ಬಿಡಬೇಡ. ಮತ್ತೆ ನಾಳೆಯೇ ಹಳೇ ಸ್ಕೂಲಿಗೆ ಹೋಗಿ ಒಂಬತ್ತನೇ ಕ್ಲಾಸಿನ ಅಂಕಪಟ್ಟಿಗೆ ಅರ್ಜಿ ಕೊಟ್ಟು ಬಾ, ಹೆಡ್‌ಮಾಸ್ಟರ್‌ಗೆ ಟ್ರಾನ್ಸ್‌ಫರ್ ಆಗುವುದರೊಳಗೆ.