ಚಾರ್ಮಾಡಿಯಲ್ಲಿ ಅಮ್ಮ

ಬೆಳಿಗ್ಗೆಯಿಂದ ಅಮ್ಮ ಕೊಟ್ಟಿಗೆಹಾರದಲ್ಲೇ ನಿಂತಿದ್ದರು. ಮೊಬೈಲ್ ನಕ್ಷೆಯಲ್ಲಿ.

ಶಿವರಾತ್ರಿಗೆ ಧರ್ಮಸ್ಥಳಕ್ಕೆ ಕಾಲ್ನಡಿಗೆ. ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್ ಒಮ್ಮೆಗೆ ಹೆಚ್ಚೆಂದರೆ 8 ಗಂಟೆ, ಆಮೇಲೆ ಮತ್ತೆ ಹಂಚಬೇಕು. ನೀರುದೋಸೆ ತಿನ್ನಲು ಕೂತಾಗ ನೆನಪಿಟ್ಟು ಹಂಚಿದ್ದಾರೆ.

ಅಲ್ಲಿಂದ ಮುಂದೆ ಘಾಟಿ. ಜಿಪಿಎಸ್‌ಗೆ ಆಕಾಶ ಕಂಡರೆ ಸಾಕು, ಆದರೆ ಅದು ಹಿಡಿದ ಜಾಗ ನಮ್ಮನ್ನು ತಲುಪಲು ನೆಟ್‌ವರ್ಕ್ ಬೇಕು. ಅಂದರೆ ಅಮ್ಮ ಇಳಿಯುತ್ತಲೇ ಇದ್ದಾರೆ, ನಿಂತದ್ದು ನಕ್ಷೆ ಮಾತ್ರ. ಇಷ್ಟು ಗೊತ್ತಿದ್ದೂ ಹಳದಿ ಸೀರೆಯ ಅವರ ಫೋಟೊ ಇರುವ ಆ ಪುಟ್ಟ ವೃತ್ತವನ್ನು ಅದೆಷ್ಟು ಸಲ ನೋಡಿದೆನೋ! ಅದರ ಕೆಳಗೆ, ಕೊನೆಯ ಬಾರಿ ಸಿಕ್ಕಿದ್ದು ಯಾವಾಗ ಎಂಬ ಸಾಲು. ಆ ಸಾಲನ್ನೇ ಓದುತ್ತಾ ಕೂತೆ.

ಸಂಜೆ ವೃತ್ತ ಒಮ್ಮೆಲೇ ಘಾಟಿಯ ಬುಡದ ಚಾರ್ಮಾಡಿಗೆ ಹಾರಿತು. ಅಕ್ಕ ಫೋನಿನಲ್ಲೇ ಅತ್ತುಬಿಟ್ಟಳು.

ನೆಂಟರ ದೊಡ್ಡ ಗುಂಪಿಗೂ ಹಾಕು ಎಂದು ಕೆಲವರು ಕೇಳಿದರು. ಪ್ರೀತಿಯಿಂದಲೇ ಕೇಳಿದ್ದು, ಆದರೂ ಒಪ್ಪಲಿಲ್ಲ. ದಾರಿಯಲ್ಲಿರುವ ಹೆಂಗಸು ಈ ಕ್ಷಣ ಎಲ್ಲಿದ್ದಾಳೆ ಎಂಬುದು ನೂರು ಮೊಬೈಲುಗಳಲ್ಲಿ ಇರಬೇಕಾಗಿಲ್ಲ. ಅಮ್ಮ ಅದನ್ನು ನಂಬಿ ಕೊಟ್ಟದ್ದು ಅಕ್ಕನಿಗೆ ಮತ್ತು ನನಗೆ.

ಫೋಟೊಗಳನ್ನು ಅವರು ಮಂಜುನಾಥನ ದರ್ಶನ ಮುಗಿಸಿದ ಮೇಲೆ ಹಾಕುತ್ತೇನೆ.